ಗಾಳಿ ತಿರುಗಿದ ಮಧ್ಯಾಹ್ನ

ಶಿಡ್ಲಘಟ್ಟದ ಅಂಚಿನ ಆ ಮನೆಯಲ್ಲಿ ಮಳೆಯ ವಿಚಾರಕ್ಕೆ ಮುನಿವೆಂಕಟಪ್ಪನವರ ಮಾತೇ ಕೊನೆ. ಮೋಡ ಕಂಡರೆ ಸಾಕು, ಪಶ್ಚಿಮದ ಚಿಕ್ಕಬಳ್ಳಾಪುರದಲ್ಲಿರುವ ಮಗಳು ರೂಪಳಿಗೆ ಫೋನ್ ಹೋಗುತ್ತಿತ್ತು. ಅಲ್ಲಿ ಹನಿ ಬಿದ್ದರೆ ಮುಕ್ಕಾಲು ಗಂಟೆಯಲ್ಲಿ ಇಲ್ಲಿ. ಜೂನ್‌ನಿಂದ ಈ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ, ಅವರ ಜಂಬವೂ ಅಷ್ಟೇ ಬೆಳೆದಿತ್ತು.

ಅಕ್ಟೋಬರ್‌ನ ಆ ಮಧ್ಯಾಹ್ನ ಸೊಸೆ ಕವಿತಳಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರೇಷ್ಮೆಹುಳುಗಳನ್ನು ಪೊರೆ ಕಳಚುವ ನಾಲ್ಕು ಜ್ವರ ದಾಟಿಸಿ ಅವಳೊಬ್ಬಳೇ ಸಾಕಿದ ಮೊದಲ ಬೆಳೆ ಅದು. ಹಣ್ಣಾದ ಹುಳುಗಳು ಗೂಡು ಕಟ್ಟತೊಡಗಿದ್ದವು. ಗಾಳಿಯಾಡಲೆಂದು ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳಾದ ಮೂವತ್ತು ಚಂದ್ರಿಕೆಗಳನ್ನು ಅಂಗಳದ ನೆರಳಲ್ಲಿ ಒರಗಿಸಿದ್ದರು. ಒಂದು ಮಳೆ ಹೊಡೆದರೆ ಗೂಡು ಕಲೆಯಾಗುತ್ತದೆ, ನೂಲು ಬಿಚ್ಚುವುದಿಲ್ಲ, ತಿಂಗಳ ದುಡಿಮೆ ಮಣ್ಣುಪಾಲು.

ಪೂರ್ವಕ್ಕಿರುವ ಅವಳ ತವರು ಕೈವಾರದಿಂದ ತಮ್ಮ ಅಂಬರೀಶ್ ಫೋನ್ ಮಾಡಿದ. "ಅಕ್ಕ, ಇಲ್ಲಿ ಒಂದೇ ಸಮ ಹುಯ್ತಾ ಐತೆ."

"ಕೈವಾರದ ಮಳೆ ನಮ್ಮೂರಿಗೆ ಯಾವತ್ತಮ್ಮ ಬಂದೈತೆ? ರೂಪನ್ನ ಕೇಳ್ದೆ, ಅಲ್ಲಿ ಒಳ್ಳೆ ಬಿಸ್ಲು. ಸುಮ್ಕೆ ಕೂತ್ಕೊಳಮ್ಮ" ಎಂದರು ಮಾವ, ಎಲೆಗೆ ಸುಣ್ಣ ಸವರುತ್ತ.

ಕವಿತ ಕೂತಳು, ಆದರೆ ಕಣ್ಣು ಪಕ್ಕದ ದಸ್ತಗಿರ್ ಸಾಹೇಬರ ನೂಲು ತೆಗೆಯುವ ರೀಲಿಂಗ್ ಶೆಡ್ಡಿನ ಹೊಗೆಯ ಮೇಲೆ ನೆಟ್ಟಿತ್ತು. ನಾಲ್ಕು ತಿಂಗಳಿಂದ ಪೂರ್ವದ ಚಿಂತಾಮಣಿ ಕಡೆಗೆ ಬಾಗುತ್ತಿದ್ದ ಹೊಗೆ ಇವತ್ತು ಚಿಕ್ಕಬಳ್ಳಾಪುರದ ಕಡೆಗೆ ಓಡುತ್ತಿತ್ತು. ಅಂದರೆ ಗಾಳಿಯೇ ತಿರುಗಿಬಿಟ್ಟಿದೆ. ಮುಂಗಾರು ಮುಗಿಯಿತು, ಹಿಂಗಾರು ಬಂತು, ಇನ್ನು ಮಳೆ ಬರುವುದು ಪೂರ್ವದಿಂದ. ಅವಳಿಗೆ ಮಳೆಯ ಭಯ, ಅದರ ಗುಟ್ಟು ಹಿಡಿದ ಖುಷಿ ಎರಡೂ ಒಟ್ಟಿಗೇ ಉಕ್ಕಿ ಬಂದವು.

"ಮಾವ, ನೀವು ಬೈದ್ರೂ ಪರ್ವಾಗಿಲ್ಲ. ನಾನು ಒಳಗಿಡ್ತೀನಿ."

ಒಂದೊಂದು ಚಂದ್ರಿಕೆಯೂ ಅವಳಿಗಿಂತ ಎತ್ತರ. ಹುಳು ಉದುರದಂತೆ ನೆಟ್ಟಗೆ ಹಿಡಿದು ಓಡಿದಳು. ಮಾವ ಗೊಣಗುತ್ತಲೇ ಇದ್ದರು. ಹತ್ತನೆಯದು ಒಳಗೆ ಹೋಗುವಾಗ ತಣ್ಣನೆ ಗಾಳಿ ಬೀಸಿತು. ಹದಿನೈದನೆಯದಕ್ಕೆ ಚಿಂತಾಮಣಿ ಕಡೆಯ ಆಕಾಶ ಕಪ್ಪಿಟ್ಟಿತು. ಮುನಿವೆಂಕಟಪ್ಪ ಎಲೆಯನ್ನು ಅಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಅವಳು ಹಿಡಿದ ಚಂದ್ರಿಕೆಯ ಇನ್ನೊಂದು ತುದಿಗೆ ಕೈ ಹಾಕಿದರು. ಕೊನೆಯದನ್ನು ಹೊಸ್ತಿಲು ದಾಟಿಸುವಷ್ಟರಲ್ಲಿ ದಪ್ಪ ಹನಿ ಬಿತ್ತು. ಅವರು ಹೆಗಲ ಟವೆಲನ್ನು ತಲೆಗಲ್ಲ, ಚಂದ್ರಿಕೆಗೆ ಹೊದಿಸಿದರು.

ಬಾಗಿಲು ಹಾಕಿದರು. ಶೀಟಿನ ಮೇಲೆ ಮಳೆ ಬಡಿಯುವ ಸದ್ದಿಗೆ ಕಿವಿ ಕೇಳದಂತಾಯಿತು. ಒಳಗೆ ಮೂವತ್ತೂ ನೆನೆಯದೆ ಉಳಿದಿದ್ದವು. ಏದುಸಿರು ಬಿಡುತ್ತಲೇ ಕವಿತ ನಗುತ್ತಿದ್ದಳು, ಎಷ್ಟು ತಡೆದರೂ ನಗು ನಿಲ್ಲಲಿಲ್ಲ.

ಮಾವ ಮುಖ ಒರೆಸಿಕೊಂಡರು. ಆಮೇಲೆ, ಎಲ್ಲೋ ನೋಡುತ್ತ ಕೇಳಿದರು: "ನಾಳೆ ಹೊರಗಿಡಣಾ, ಇಲ್ಲ ಒಳಗೇ ಇರ್ಲಾ? ನೀನು ಹೇಳ್ದಂಗೆ ಮಾಡಣ."

"ಒಳಗೇ ಇರ್ಲಿ ಮಾವ" ಎಂದಳು ಕವಿತ.

"ಆಯ್ತಮ್ಮ" ಎಂದರು ಮುನಿವೆಂಕಟಪ್ಪ.