ತೋಡಿನೊಳಗೆ ಕಟ್ಟಿದ ಗೋಡೆ

"ಉಸಿರು ಕಟ್ಟಿಕೊಂಡು ಒಳಗೆ ಹೋಗೋ ಬೇವರ್ಸಿ. ಮೀನು ಹೋಗುದಿಲ್ವಾ?"

ಬಾಬುರಾಯ ಧನಿ ತನ್ನ ಜವಳಿ ಅಂಗಡಿಯ ಮೂರನೇ ಮೆಟ್ಟಿಲಲ್ಲಿ ಪಂಚೆ ಎತ್ತಿಕೊಂಡು ನಿಂತು ನನ್ನ ತಮ್ಮ ಹೂವಪ್ಪನಿಗೆ ಹೇಳಿದ ಮಾತಿದು. ಕೆಳಗಿನ ಎರಡು ಮೆಟ್ಟಿಲು ಮುಳುಗಿದ್ದವು. ಇನ್ನೊಂದು ಗೇಣು ಏರಿದರೆ ನೀರು ಅಂಗಡಿಯೊಳಗೆ.

ಎಪ್ಪತ್ತೆಂಟನೇ ಇಸವಿಯ ಆಟಿ ತಿಂಗಳು. ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಉಡುಪಿ ಪೇಟೆಯ ಆ ತಗ್ಗಿನಲ್ಲಿ ಕಾರ್ಕಳದ ಬಸ್ಸೊಂದು ಚಕ್ರ ಮುಳುಗಿ ನಿಂತಿತ್ತು. ಚರಂಡಿ, ಕಕ್ಕಸು ತೊಳೆಯುವ ನಮ್ಮನ್ನು ಬೆಳಿಗ್ಗೆಯೇ ಮುನ್ಸಿಪಾಲಿಟಿಯ ಓವರ್‌ಸಿಯರ್ ಜೀಪು ಕಳಿಸಿ ಕರೆಸಿದ್ದ. ಹೂವಪ್ಪ, ಅವನ ಹೆಂಡತಿ ಸುಂದರಿ, ಮುದುಕ ಕೂಸಪ್ಪ, ಮತ್ತೆ ಕಿಟ್ಟ ಎಂಬ ನಾನು. ಕೊಡೆಯಡಿಯಲ್ಲಿ ನಿಂತ ಓವರ್‌ಸಿಯರಿಗೆ ಕೊಡೆಯ ಹೊರಗೂ ಮಳೆ ಬರುತ್ತಿರುವುದು ಕಾಣುತ್ತಿತ್ತೋ ಇಲ್ಲವೋ.

ಪೇಟೆಯ ನೀರೆಲ್ಲ ಗದ್ದೆಗೆ ಹೋಗುತ್ತಿದ್ದುದು ಒಂದೇ ತೋಡಿನಲ್ಲಿ. ಎರಡಾಳು ಅಗಲದ ತೋಡು ಅದು. ಎರಡು ವರ್ಷದ ಹಿಂದೆ ಬಾಬುರಾಯ ಅದರ ಮುಕ್ಕಾಲು ಪಾಲಿನ ಮೇಲೆ ಗೋಡೌನು ಕಟ್ಟಿಸಿದ. ಉಳಿದ ಕಾಲು ಪಾಲಿಗೆ ಚಪ್ಪಡಿ ಮುಚ್ಚಿಸಿ, ನೀರಿಗೆ ಅಷ್ಟು ಸಾಕು ಎಂದ. ಗೋಡೌನಿನ ಪೂಜೆಯ ದಿನ ಇದೇ ಓವರ್‌ಸಿಯರ್ ಬಂದು ಎರಡು ಸಲ ಪಾಯಸ ಹಾಕಿಸಿಕೊಂಡಿದ್ದ. ಎಂಜಲೆಲೆ ಎತ್ತಿದವರು ನಾವು, ಅದಕ್ಕೇ ಗೊತ್ತು.

ಹೂವಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಚಪ್ಪಡಿಯಡಿ ನುಗ್ಗಿದ. ಹಗ್ಗದ ತುದಿ ಸುಂದರಿಯ ಕೈಯಲ್ಲಿತ್ತು. ಅವಳ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳೋ, ಬೈಯುತ್ತಿದ್ದಳೋ ತಿಳಿಯದು. ಮೂರನೇ ಸಲ ಹೊರಬಂದಾಗ ಅವನ ಭುಜದ ಚರ್ಮ ಕಿತ್ತುಹೋಗಿತ್ತು. ಕುಡಿದ ನೀರನ್ನೆಲ್ಲ ಕಾರಿದ. ಮೆಟ್ಟಿಲಲ್ಲಿ ನೋಡುತ್ತ ನಿಂತಿದ್ದ ಪೇಟೆಯವರು ಪಂಚೆಯನ್ನು ಇನ್ನಷ್ಟು ಎತ್ತಿಕೊಂಡು ಒಂದು ಮೆಟ್ಟಿಲು ಹಿಂದೆ ಸರಿದರು.

"ಕಸ ಇಲ್ಲ ಧನಿ. ನಿಮ್ಮ ಗೋಡೌನಿನ ಗೋಡೆ ತೋಡಿನೊಳಗೆ ಬಾಗಿದೆ. ಕೈ ತೂರುವಷ್ಟೇ ಜಾಗ ಉಂಟು."

"ನೀನು ಇಂಜಿನಿಯರಿಂಗ್ ಕಲಿತದ್ದೆಲ್ಲಿ, ಮಣಿಪಾಲದಲ್ಲೋ?" ಎಂದ ಓವರ್‌ಸಿಯರ್.

ಮೆಟ್ಟಿಲಲ್ಲಿ ನಗು ಎದ್ದಿತು. ಬಾಗಿದ್ದು ಗೋಡೆಯಲ್ಲ, ಈ ನಾಯಿ ಬೆಳಿಗ್ಗೆಯೇ ಶೇಂದಿ ಏರಿಸಿ ಬಂದಿದೆ ಎಂದು ಬಾಬುರಾಯ ಹೇಳಿದ. ಬಂದೋಬಸ್ತಿಗೆಂದು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಪೊಲೀಸನೂ ನಕ್ಕ. ಹೂವಪ್ಪ ಬಾಯಿ ಒರೆಸಿಕೊಂಡ.

ಆಮೇಲೆ ಓವರ್‌ಸಿಯರೂ ಬಾಬುರಾಯನೂ ಒಂದೇ ಕೊಡೆಯಡಿ ಗುಸುಗುಸು ಮಾತಾಡಿದರು. ಅಂಗಡಿಗಿಂತ ಮೇಲೆ, ತೋಡಿನ ಎಡಕ್ಕೆ ಒಂದು ಮಣ್ಣಿನ ದಂಡೆ ಇದೆ. ದಂಡೆಯ ಆಚೆಯ ಗುಂಡಿಯಲ್ಲಿ ನಮ್ಮ ಹನ್ನೆರಡು ಗುಡಿಸಲು. ಆ ದಂಡೆಯನ್ನು ಕಡಿದರೆ ಪೇಟೆಯ ನೀರು ಗಳಿಗೆಯಲ್ಲಿ ಇಳಿಯುತ್ತದೆ ಎಂದು ಓವರ್‌ಸಿಯರ್ ಕಂಡುಹಿಡಿದ. ಕಡಿಯಬೇಕಾದವರು ನಾವು.

ಕೂಸಪ್ಪ ಕೈಮುಗಿದ. ಅವನ ಮಗಳು ನಳಿನಾಕ್ಷಿ ಹೆತ್ತು ಒಂಬತ್ತು ದಿನವಾಗಿತ್ತು. ಬಾಣಂತಿಯನ್ನೂ ಕೂಸನ್ನೂ ಈ ಮಳೆಯಲ್ಲಿ ಎಲ್ಲಿಗೆ ಒಯ್ಯುವುದು, ಅಂಗಡಿಯ ಜಗಲಿಯಲ್ಲಾದರೂ ಜಾಗ ಕೊಡುತ್ತೀರಾ ಎಂದು ಕೇಳಿದ. ಜಗಲಿಯ ಮಾತು ಕೇಳಿ ಬಾಬುರಾಯನ ಮುಖ ಕೊಳೆತ ಮೀನು ಮೂಸಿದವನ ಹಾಗಾಯಿತು.

"ತೆಂಗಿನ ಮಡಲಿನ ಗುಡಿಸಲು ಅಲ್ವಾ ಮಾರಾಯ, ಬಂಗ್ಲೆ ಎಂತ ಅಲ್ಲವಲ್ಲ," ಎಂದ ಓವರ್‌ಸಿಯರ್. "ಮಳೆ ಬಿಟ್ಟ ಮೇಲೆ ಇನ್ನೊಂದು ಕಟ್ಟಿಕೊಳ್ಳಿ."

"ಚರಂಡಿಯಲ್ಲಿ ಹುಟ್ಟಿದವರಿಗೆ ನೀರಿನ ಹೆದರಿಕೆ ಎಂತದು?" ಎಂದ ಬಾಬುರಾಯ.

ಸುಳ್ಳು ಹೇಳುವುದಿಲ್ಲ, ಪಿಕ್ಕಾಸು ಎತ್ತಿಕೊಂಡು ದಂಡೆಗೆ ಹೋದವನು ನಾನೇ. ಹೇಳಿದ್ದನ್ನು ಮಾಡಿ ಮಾಡಿ ನನ್ನ ಕಾಲಿಗೆ ಅದೇ ರೂಢಿಯಾಗಿತ್ತು. ಎರಡು ಏಟು ಹಾಕಿಯೂ ಹಾಕಿದೆ. ಹೆಂಟೆ ಉರುಳಿ ನಮ್ಮ ಗುಂಡಿಗೆ ಬಿತ್ತು. ಕೆಳಗೆ ಯಾರದೋ ಗುಡಿಸಲಿನಿಂದ ಹೊಗೆ ಏಳುತ್ತಿತ್ತು.

"ಇಲ್ಲಿ ಕೊಡಿ ಭಾವ," ಎಂದಳು ಸುಂದರಿ.

ನನ್ನ ಮುಖವನ್ನೂ ಅವಳು ನೋಡಲಿಲ್ಲ. ಪಿಕ್ಕಾಸು ಹಿಡಿದು ತೋಡಿಗಿಳಿದು, ಎದೆಮಟ್ಟದ ನೀರಿನಲ್ಲಿ ಗೋಡೌನಿನ ಕಡೆಗೆ ನಡೆದಳು. ಕಸ ಬಿಡಿಸಲು ಹೊರಟಳೆಂದು ಎಲ್ಲರೂ ತಿಳಿದರು. ಗಂಡಸರಿಗಿಲ್ಲದ ಬುದ್ಧಿ ಹೆಂಗಸಿಗಾದರೂ ಉಂಟಲ್ಲ ಎಂದು ಬಾಬುರಾಯ ಹೊಗಳಿದ. ಮೊದಲ ಏಟಿಗೆ ಗಾರೆ ಹಾರಿತು. ಆಗಲೂ ಅವನ ಮುಖದಲ್ಲಿ ನಗುವಿತ್ತು. ನಾಲ್ಕನೇ ಏಟಿಗೆ ಅವನ ಗೋಡೆಯಿಂದ ಒಂದು ಮುರಕಲ್ಲು ಕಿತ್ತು ನೀರಿಗೆ ಬಿತ್ತು.

ಆಮೇಲೆ ಅವನು ಸುಂದರಿಯ ತಾಯಿಯನ್ನು, ಅಜ್ಜಿಯನ್ನು, ಇನ್ನೂ ಹುಟ್ಟದ ಮಕ್ಕಳನ್ನು ಸೇರಿಸಿ ಬೈದ. ಆ ಬೈಗುಳಗಳನ್ನು ಇಲ್ಲಿ ಹೇಳುವುದಿಲ್ಲ. ಅವನ ಅಂಗಡಿಯಲ್ಲಿ ಈಗಲೂ ಕೇಳಬಹುದು.

ಹತ್ತೇಟಿಗೆ ಗೋಡೆಯಲ್ಲಿ ಆಳು ನುಸುಳುವಷ್ಟು ಕಿಂಡಿಯಾಯಿತು. ನೀರು ಒಳನುಗ್ಗಿ ಗೋಡೌನಿನ ಹಿಂಬಾಗಿಲನ್ನು ಕಿತ್ತುಕೊಂಡು ಗದ್ದೆಗೆ ಹಾರಿತು. ಹಿಂದೆಯೇ ಮದುವೆ ಸೀರೆಯ ಕಟ್ಟುಗಳು ಹೋದವು. ಸುಂದರಿ ಗೋಡೆಯ ಮುರಿದ ಅಂಚನ್ನು ಒಂದು ಕೈಯಲ್ಲಿ ಅಪ್ಪಿಹಿಡಿದು, ಇನ್ನೊಂದು ಕೈಯಲ್ಲಿ ಪಿಕ್ಕಾಸು ಬಿಡದೆ ನಿಂತಿದ್ದಳು. ರಸ್ತೆಯ ನೀರು ಇಳಿಯತೊಡಗಿತು. ಎರಡನೇ ಮೆಟ್ಟಿಲು ಕಾಣಿಸಿತು. ಅವಳು ಮತ್ತೆ ಹೊಡೆದಳು.

"ಅವಳ ಕೈಯಿಂದ ಅದನ್ನು ಕಸಿಯಿರಿ," ಎಂದು ಓವರ್‌ಸಿಯರ್ ಪೊಲೀಸನಿಗೆ ಹೇಳಿದ.

ಪೊಲೀಸ ಎರಡು ಮೆಟ್ಟಿಲು ಇಳಿದು ನಿಂತ. ನಮ್ಮ ನೀರಿಗೆ ಇಳಿಯದೆ, ನಮ್ಮವಳ ಕೈ ಹಿಡಿಯದೆ ಪಿಕ್ಕಾಸು ಕಸಿಯುವುದು ಹೇಗೆಂದು ಯಾರೂ ಅವನಿಗೆ ಹೇಳಿಕೊಡಲಿಲ್ಲ. ಅವನು ಓವರ್‌ಸಿಯರನ್ನು ನೋಡಿದ. ಓವರ್‌ಸಿಯರ್ ಬಾಬುರಾಯನನ್ನು ನೋಡಿದ. ಬಾಬುರಾಯ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಲಾಠಿಗೆ ಮೈಲಿಗೆಯಿಲ್ಲವೆಂದು ನಮಗೆ ತಿಳಿದದ್ದು ಸಂಜೆ, ಠಾಣೆಯಲ್ಲಿ.

"ನೀವಾದ್ರೂ ಹಿಡಿಯಿರೋ ಅವಳನ್ನು," ಎಂದು ಓವರ್‌ಸಿಯರ್ ನಮಗೆ ಹೇಳಿದ.

ಕೂಸಪ್ಪ ಎಲೆಯಡಿಕೆ ಉಗಿದ. ಹೂವಪ್ಪ ಸೊಂಟದ ಹಗ್ಗ ಬಿಚ್ಚಿ ಕೆಳಗೆ ಹಾಕಿದ. ನಾನು ಕಬ್ಬಿಣದ ಹಾರೆ ಎತ್ತಿಕೊಂಡು ಗೋಡೆಯ ಇನ್ನೊಂದು ತುದಿಗೆ ಇಳಿದೆ.