ಅರವತ್ತನೇ ಸಾಲು

ನನ್ನದು ದರ್ಜಿ ಕೆಲಸ. ಭಾನುವಾರ ಮಾತ್ರ ರೈಫಲ್ ಹಿಡಿದು ಚಾಪೆಯ ಮೇಲೆ ಬೋರಲು ಮಲಗಿ, ಐವತ್ತು ಮೀಟರ್ ಆಚೆಯ ಗುರಿಹಾಳೆಗೆ ಹೊಡೆಯುತ್ತೇನೆ. 'ವಾರವೆಲ್ಲ ತೂತು ಮುಚ್ತಾಳೆ, ಭಾನುವಾರ ತೂತು ಮಾಡ್ತಾಳೆ' ಎಂದು ನಮ್ಮ ಅತ್ತಿಗೆ ಮೂವತ್ತು ವರ್ಷದಿಂದ ಮೂಗು ಮುರಿಯುತ್ತಿದ್ದಾಳೆ. ಮುರಿಯಲಿ, ಗಟ್ಟಿ ಮೂಗು.

ಈ ಹುಚ್ಚು ಹತ್ತಿಸಿದವರು ಗಡಿಯಾರ ರಿಪೇರಿಯ ಮಾಸ್ತರು. ಎಪ್ಪತ್ತೆರಡಾದರೂ ಕೈಗಡಿಯಾರದ ಸ್ಕ್ರೂ ಅವರಿಗೆ ಬರಿಗಣ್ಣಿಗೇ ಕಾಣುತ್ತದೆ. ಅವರದು ಒಂದೇ ಪಾಠ: ಗುಂಡು ಹಾರಿದ ಕೂಡಲೇ, ದುರ್ಬೀನಿಗೆ ಕಣ್ಣಿಡುವ ಮೊದಲೇ, ಅದು ಎಲ್ಲಿ ಬಿತ್ತೆಂದು ಗುಂಡಿಗೊಂದು ಸಾಲಿನಂತೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. "ಕೈಗೆ ಗೊತ್ತಿರುತ್ತಮ್ಮ. ಕಣ್ಣು ಆಮೇಲೆ ನೆಪ ಹುಡುಕುತ್ತೆ" ಅನ್ನುತ್ತಾರೆ.

ಜಿಲ್ಲಾ ತಂಡಕ್ಕೆ ಈ ಸಲದ ಆಯ್ಕೆ ಸ್ಪರ್ಧೆ ನನಗೆ ಕೊನೆಯದು. ಇನ್ನು ಈ ಬೆನ್ನು ತಡೆಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಯಾಗಿತ್ತು. ಒಮ್ಮೆಯೂ ತಂಡ ಸೇರಿದವಳಲ್ಲ ನಾನು. ಕೊನೆಯ, ಅರವತ್ತನೇ ಗುಂಡಿಗೆ ಹತ್ತಕ್ಕೆ ಒಂಬತ್ತು ಅಂಕ ಬಿದ್ದರೆ ಸಾಕಿತ್ತು. ಟ್ರಿಗರ್ ಒತ್ತುವಾಗಲೇ ಭುಜ ಸಡಿಲವಾಯಿತು. 'ಎಂಟು, ಎಡಕ್ಕೆ, ಕೆಳಗೆ' ಎಂದು ಬರೆದು, ನೋಡುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿದೆ. ಪಕ್ಕದ ಚಾಪೆಯಲ್ಲಿ ತಾವೂ ಸ್ಪರ್ಧೆಗಿಳಿದಿದ್ದ ಮಾಸ್ತರ ಕೊನೆಯ ಗುಂಡು ಆಮೇಲೆ ಹಾರಿತು.

ಹಾಳೆಗಳು ಬಂದವು. ನನ್ನ ಕೊನೆಯ ಹಾಳೆಯಲ್ಲಿ ಹತ್ತು ತೂತಿರಬೇಕಾದಲ್ಲಿ ಹನ್ನೊಂದು; ಒಂದಕ್ಕೆ ಎಂಟು ಅಂಕ, ಉಳಿದವಕ್ಕೆಲ್ಲ ಹತ್ತು. ಮಾಸ್ತರ ಹಾಳೆಯಲ್ಲಿ ಒಂಬತ್ತೇ ತೂತು.

"ಕಣ್ಣು ಕೈಕೊಡ್ತು. ಪಕ್ಕದ ಹಾಳೆಗೆ ಹೊಡೆದುಬಿಟ್ಟೆ" ಎಂದರು ಮಾಸ್ತರು.

ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡರು. "ಯಾವುದು ಯಾರದು ಅಂತ ಗೊತ್ತಾಗದಿದ್ರೆ ಹೆಚ್ಚು ಅಂಕದ್ದು ಹಾಳೆಯವರಿಗೆ. ನಿಮಗೆ ಹತ್ತಮ್ಮ."

ಬಾಯಿಗೆ ಬೀಗ ಹಾಕಿಕೊಂಡಿದ್ದರೆ ತಂಡದಲ್ಲಿದ್ದೆ. ಸುಳ್ಳೇಕೆ ಹೇಳಲಿ, ಒಳಗೊಳಗೇ ಆಸೆಯಾಯಿತು. ಆದರೂ ನೋಟ್‌ಬುಕ್ ಚಾಚಿದೆ. "ಎಂಟು ನಂದು ಸಾರ್."

ಅವರು ಎಂಟನ್ನೇ ಬರೆದುಕೊಂಡರು. ಮಾಸ್ತರಿಗೆ ಸಿಟ್ಟು ನೆತ್ತಿಗೇರಿತು. "ಸುಮ್ಮನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀವೇ ಕಲಿಸಿದ್ದು" ಅಂದೆ.

ಸಾಮಾನು ಕಟ್ಟುವಾಗ ಅವರ ನೋಟ್‌ಬುಕ್ ನನ್ನ ಕೈಗೆ ಬಂತು. ಐವತ್ತೊಂಬತ್ತು ಸಾಲು ತುಂಬಿತ್ತು, ಅರವತ್ತನೆಯದು ಖಾಲಿ. ಇಷ್ಟು ವರ್ಷದಲ್ಲಿ ಒಂದು ಸಾಲನ್ನೂ ಬಿಟ್ಟವರಲ್ಲ ಅವರು.

"ಬೇಕಂತಲೇ ಹೊಡೆದ್ರಾ, ಮಾಸ್ತರೇ?"

ಅವರು ತಲೆಯೆತ್ತದೆ ರೈಫಲ್ಲಿನ ಪಟ್ಟಿ ಸುತ್ತುತ್ತಿದ್ದರು. "ನಿನ್ನ ಎಂಟು ದುರ್ಬೀನಲ್ಲಿ ಕಂಡಿತ್ತು ಕಣಮ್ಮ. ಹೊಡೆಯೋದೇನೋ ಹೊಡೆದೆ. ಸುಳ್ಳು ಬರೆಯೋಕೆ ಕೈ ಬರಲಿಲ್ಲ."

ತಂಡ ತಪ್ಪಿದಾಗ ಬಾರದ ಅಳು ಆಗ ಬಂತು. ಅವರ ಪೆನ್ಸಿಲ್ ಕಸಿದುಕೊಂಡು ಆ ಸಾಲನ್ನು ನಾನೇ ತುಂಬಿಸಿದೆ: 'ಹತ್ತು, ನಟ್ಟನಡುವೆ, ಶಿಷ್ಯೆಯ ಹಾಳೆಗೆ.'