ಪಿಳ್ಳಣ್ಣನ ರೆಂಚು

ಶಾಮಿಯಾನದ ಕಬ್ಬಿಣದ ಕಂಬಗಳು ಟೆಂಪೋದೊಳಗೆ ಒಂದರ ಮೇಲೊಂದು ಬೀಳುತ್ತಿವೆ, ಮೆಲ್ಲಗೆ ಹಾಕಬಾರದೇ, ಮಲಗಿದ್ದಲ್ಲೇ ಅಂದುಕೊಂಡಳು ಪದ್ಮಶ್ರೀ, ನಿನ್ನೆ ಗಂಡನ ತಿಥಿ ಮುಗಿಯಿತು, ನೆಂಟರು ಉಂಡು ಹೋದರು, ಇವತ್ತು ಎಲ್ಲರಿಗೂ ಮಾಮೂಲಿ ಬೆಳಗು, ಬೆರಳುಗಳಿಗೂ ಮಾಮೂಲಿಯೇ — ಕೊರಡಿನ ಹಾಗೆ ಬಿಗಿದುಕೊಂಡಿವೆ, ಸಂಧಿವಾತಕ್ಕೆಲ್ಲಿಯ ಸೂತಕ. ಈ ಹೊತ್ತಿಗೆ ಕೆಂಪರಾಜ್ ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟು, ಅದ್ದು ಕಣೇ, ಆರೋಗುತ್ತೆ, ಅನ್ನುತ್ತಿದ್ದ, ಸೋಂಪುರದ ಫ್ಯಾಕ್ಟರಿಗೆ ಹೊರಡುವ ಗಡಿಬಿಡಿಯಲ್ಲೂ ಒಂದೊಂದೇ ಬೆರಳು ನೀವುತ್ತಿದ್ದ, ಅದೇ ದಾರಿಯಲ್ಲಿ ಲಾರಿ — ಬೇಡ, ಅಲ್ಲಿಗೆ ಹೋಗುವುದು ಬೇಡ. ಆಸ್ಪತ್ರೆಯಲ್ಲಿ ಸಂಧಿವಾತದವರಿಗೆ ನಡೆಸಿದ ತರಗತಿ, ಊದಿದ ಕೈಗಳನ್ನು ಮಡಿಲಲ್ಲಿಟ್ಟು ಸಾಲಾಗಿ ಕೂತ ಹೆಂಗಸರು, ಡಾಕ್ಟರು ತಿಂಗಳಿಗೊಮ್ಮೆ ನೋಡ್ತಾರೆ, ಮಿಕ್ಕ ದಿನ ನಿಮ್ಮನ್ನ ನೀವೇ ನೋಡ್ಕೋಬೇಕು ಎಂದ ನರ್ಸ್, ಹಿಂದಿನಿಂದ ಕೆಂಪರಾಜ್, ಮೇಡಂ, ಇವಳ ಕೈ ಅಂದ್ರೆ ನಾನೇ, ನನಗೇ ಹೇಳ್ಕೊಟ್ಬಿಡಿ, ಎಲ್ಲರೂ ನಕ್ಕರು, ಅವಳೂ ನಕ್ಕಳು. ವ್ಯಾಯಾಮ ಅವನು ಕಲಿತ, ಭಾನುವಾರದ ಇಂಜೆಕ್ಷನ್ ಹೊಟ್ಟೆಗೆ ಚುಚ್ಚುವುದನ್ನು ಅವನು ಕಲಿತ, ಎಂಎಸ್ಸಿ ಓದಿದವಳು ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿತಳು. ಹೋದ ಭಾನುವಾರ ಚುಚ್ಚುವವರಿರಲಿಲ್ಲ, ಇವತ್ತು ಮತ್ತೆ ಭಾನುವಾರ, ಎದ್ದು ಬಾಗಿಲು ಹಾಕಿಕೊಂಡು ಸಿರಿಂಜನ್ನು ಎರಡು ಅಂಗೈಗಳ ನಡುವೆ ಹಿಡಿದಳು, ಮೊದಲ ಸಲ ಜಾರಿತು, ಎರಡನೆಯ ಸಲ ಹೆಬ್ಬೆರಳ ಬುಡದಿಂದ ಒತ್ತಿದಳು, ಕಣ್ಣು ತೆರೆದೇ ಇತ್ತು, ನೋಡಲು ಯಾರೂ ಇರಲಿಲ್ಲ, ಇದನ್ನೇ ಅಲ್ಲವೇ ಆ ನರ್ಸ್ ಹೇಳಿಕೊಟ್ಟದ್ದು.

ತಿಥಿಗೆ ಬಂದು ಹೋದ ಅಪ್ಪ ಹೊಸಕೋಟೆಯಿಂದ ಮತ್ತೆ ಹೊರಟಾಗಿದೆ, ಕರೆದುಕೊಂಡು ಹೋಗುವುದಕ್ಕೆ, ಯಾರೂ ಇವಳನ್ನು ಕೇಳಲಿಲ್ಲ, ಇಲ್ಲಿದ್ದು ಏನ್ ಮಾಡ್ತೀಯಮ್ಮ, ಒಂದ್ ಚೊಂಬು ಎತ್ತಕ್ಕಾಗಲ್ಲ, ನಾನೂ ಮುದುಕಿ, ಯಾರು ಯಾರನ್ನ ನೋಡ್ಕೊಳ್ಳೋದು, ಎಂದಿದ್ದರು ಅತ್ತೆ ಗಂಗಲಕ್ಷ್ಮಮ್ಮ, ಸುಳ್ಳೇನಲ್ಲ, ಆದರೆ ನೆಲಮಂಗಲದ ಕಾಲೇಜಿನಲ್ಲಿ ಪಾಠ ಹೇಳುವುದನ್ನು ಬಿಟ್ಟು ತವರಿನ ನಡುಮನೆಯಲ್ಲಿ ಒಮ್ಮೆ ಕೂತರೆ ಮತ್ತೆ ಏಳುವುದುಂಟೆ. ಕಾಲುಂಗುರ ತೆಗೆಯಲು ಬಂದ ಹೆಂಗಸರು ಬರಿಯ ಬೆರಳು ನೋಡಿ ಮುಖ ಮುಖ ನೋಡಿಕೊಂಡರು, ಗಂಡ ಇದ್ದಾಗ್ಲೇ ತೆಗ್ದಿದ್ಲಂತೆ, ಹಂಗಾದ್ರೆ ಇನ್ನೇನಾಗುತ್ತೆ, ಕಾಲು ಊದಿಕೊಂಡಾಗ ಕತ್ತರಿಸಿ ತೆಗೆದವನು ಅವನೇ, ಅದು ಅತ್ತೆಗೆ ಗೊತ್ತಿತ್ತು, ಅತ್ತೆ ಬಾಯಿ ಬಿಡಲಿಲ್ಲ. ಗಂಗಕ್ಕಾ, ನಮ್ ಪೈಪ್ ರೆಂಚ್ ನಿಮ್ಮನೇಲಿದ್ರೆ ಕೊಡಕ್ಕ, ಬೋರ್‌ವೆಲ್ ಮೋಟರ್ ಎತ್ಬೇಕಿತ್ತು — ಎದುರು ಮನೆಯ ಪಿಳ್ಳಣ್ಣ ಬೀದಿಯಿಂದಲೇ ಕೂಗಿದ, ಕೇಳಲು ಅವನಿಗೂ ಸಂಕೋಚ. ಹೌದು, ಸಿಂಕಿನ ಕೆಳಗಿದೆ, ಕೆಂಪರಾಜ್ ಅವನಿಂದಲೇ ಕೇಳಿ ತಂದದ್ದು, ಇವಳು ಮೊಣಕೈಯಲ್ಲೇ ತಿರುಗಿಸಲೆಂದು ಬಚ್ಚಲಿಗೆ ಉದ್ದ ಹಿಡಿಯ ನಲ್ಲಿ ಹಾಕಿದ್ದ, ಅಡುಗೆಮನೇದು ಭಾನುವಾರ ಹಾಕ್ತೀನಿ, ಅಂದಿದ್ದ. ನಾನು ಕೊಟ್ಟು ಬರ್ತೀನಿ ಅತ್ತೆ. ಬೆಳಬೆಳಗ್ಗೆ ಅವ್ರ ಮನೆ ಬಾಗಿಲಿಗಾ, ಈ ಸ್ಥಿತೀಲಿ ಹೊಸಲು ದಾಟ್ತಾರಾ, ಅಲ್ದೆ ಅದನ್ನ ಎತ್ತಕ್ಕಾದ್ರೂ ಆಗುತ್ತಾ ನಿನಗೆ. ಎತ್ತಿದ್ರೆ ಇಲ್ಲೇ ಇರ್ತೀನಿ, ಎಂದಳು, ಎಂದ ಮೇಲೆ ತಾನೇ ಹೆದರಿದಳು.

ಬಗ್ಗಿದಳು, ಎತ್ತಿದಳು, ಮಣಿಕಟ್ಟಿನೊಳಗೆ ಯಾರೋ ಮೊಳೆ ಹೊಡೆದ ಹಾಗಾಯಿತು, ಹೊಸಲು, ಅಂಗಳ, ಬೀದಿ, ಟೆಂಪೋ ತುಂಬುತ್ತಿದ್ದವರು ಕಂಬ ಹಿಡಿದು ನಿಂತರು, ಬಾಗಿಲಲ್ಲಿ ರಂಗೋಲಿ ಬಿಡುತ್ತಿದ್ದ ಪಿಳ್ಳಣ್ಣನ ಹೆಂಡತಿ ಮುತ್ಯಾಲಮ್ಮ ಇವಳ ಮುಖ ಕಂಡವಳೇ ಬಟ್ಟಲು ಸಮೇತ ಒಳಗೆ ಹೋದಳು, ಹೋಗಲಿ. ನೀನ್ಯಾಕ್ ತಂದ್ಯಮ್ಮ, ಅಲ್ಲೇ ಕಲ್ಲಿನ ಮೇಲೆ ಇಡು, ಎಂದ ಪಿಳ್ಳಣ್ಣ. ಇಡುವುದಿಲ್ಲ, ಕೆಂಪರಾಜ್ ಕೈಯಿಂದ ಕೈಗೆ ತಂದದ್ದು, ಕೈಗೇ ಕೊಡಬೇಕು. ಚಾಚಿದಳು, ಪಿಳ್ಳಣ್ಣ ಆ ತುದಿ ಹಿಡಿದ, ತಗೊಂಡೆ ಕಣಮ್ಮ, ಬಿಡು. ಬೆರಳು ಬಿಡಲಿಲ್ಲ. ಬೆಳಗ್ಗೆಯೆಲ್ಲ ಮಡಚದೆ ಸತಾಯಿಸಿದವು ಈಗ ಮಡಚಿಕೊಂಡು ಕೂತಿವೆ, ಬಿಟ್ಬಿಡಮ್ಮ, ಅವನು ಎಳೆಯಲಾರ, ಅವಳ ಕೈ ಮುಟ್ಟಲಾರ, ಬೆನ್ನ ಹಿಂದೆ ಆಟೋ ನಿಂತಿತು, ಪದ್ಮಾ, ಅಪ್ಪನ ದನಿ, ತಿರುಗಲಿಲ್ಲ, ಎಡಗೈಯಿಂದ ಬಲಗೈಯನ್ನು ತಾನೇ ಬಿಡಿಸತೊಡಗಿದಳು, ಕಿರುಬೆರಳು ಬಿಟ್ಟಿತು, ಉಂಗುರದ ಬೆರಳು ಬಿಟ್ಟಿತು, ನಡುಬೆರಳು, ನಡುಬೆರಳು —